ಡಿಪಿಐ: ಡಿವಿಡಿ ಸ್ಲೈಡ್‌ಶೋ ಓದದೇ ಬಿಡುವ ಸಂಖ್ಯೆ

"ಫೋಟೋಗಳನ್ನು ಡಿವಿಡಿಗೆ ಹಾಕುವ ಮುಂಚೆ ಎಲ್ಲವನ್ನೂ 300 ಡಿಪಿಐ ಮಾಡಿಕೊಳ್ಳಿ, ಟಿವಿಯಲ್ಲಿ ಚೆನ್ನಾಗಿ ಬರುತ್ತೆ." ಈ ಸಲಹೆ ಮೊನ್ನೆ ಮತ್ತೆ ಕಣ್ಣಿಗೆ ಬಿತ್ತು. ಇದಕ್ಕೆ ಎದುರು ಹೇಳುವವರೂ ಇದ್ದಾರೆ: "300 ಪ್ರಿಂಟಿಗೆ, ಟಿವಿಗೆ 72 ಸಾಕು." ಎರಡೂ ತಪ್ಪು. ಎರಡನೆಯದು ತಿಳಿದವರ ಮಾತಿನ ಹಾಗೆ ಕೇಳಿಸುತ್ತದೆ, ಅದಕ್ಕೇ ಜಾಸ್ತಿ ಹರಡಿದೆ.

ಡಿಪಿಐ ಅಂದರೆ ಒಂದು ಇಂಚಿಗೆ ಎಷ್ಟು ಚುಕ್ಕಿ ಅನ್ನೋ ಲೆಕ್ಕ. ಇದರಲ್ಲಿ ಮುಖ್ಯವಾದ ಪದ ಇಂಚು. ಕಾಗದಕ್ಕೆ ಇಂಚು ಇದೆ. ಫೈಲಿಗೆ ಇಂಚು ಇಲ್ಲ. ನೂರು ಜನರನ್ನು ಸಾಲಾಗಿ ನಿಲ್ಲಿಸಿದಿರಿ ಅಂದುಕೊಳ್ಳಿ. ಒತ್ತಿಕೊಂಡು ನಿಂತರೆ ಸಾಲು ಚಿಕ್ಕದು, ದೂರ ದೂರ ನಿಂತರೆ ಉದ್ದ, ಆದರೆ ಜನ ಮಾತ್ರ ಅದೇ ನೂರು. ಫೋಟೋದಲ್ಲಿರುವ ಪಿಕ್ಸೆಲ್‌ಗಳೂ, ಅಂದರೆ ಚಿತ್ರ ಕಟ್ಟುವ ಬಣ್ಣದ ಚುಕ್ಕಿಗಳೂ, ಹೀಗೇ. ಡಿಪಿಐ ಹೇಳೋದು ಅವು ಕಾಗದದ ಮೇಲೆ ಎಷ್ಟು ಒತ್ತಾಗಿ ನಿಲ್ಲಬೇಕು ಅನ್ನೋದನ್ನು ಮಾತ್ರ.

12 ಮೆಗಾಪಿಕ್ಸೆಲ್ ಕ್ಯಾಮೆರಾದ ಒಂದು ಫೋಟೋ ತಗೊಳ್ಳಿ. ಅಗಲ 4000, ಎತ್ತರ 3000 ಪಿಕ್ಸೆಲ್. 300 ಡಿಪಿಐ ಅಂತ ಬರೆದರೆ ಅದು ಕಾಗದದ ಮೇಲೆ ಸುಮಾರು 13 ಇಂಚು ಅಗಲ, 10 ಇಂಚು ಎತ್ತರ ಬರುತ್ತದೆ. 72 ಅಂತ ಬರೆದರೆ ಸುಮಾರು 56 ಇಂಚು ಅಗಲದ ಪೋಸ್ಟರ್ ಆಗುತ್ತದೆ. ಎರಡರಲ್ಲೂ ಇರೋದು ಅದೇ 1 ಕೋಟಿ 20 ಲಕ್ಷ ಪಿಕ್ಸೆಲ್. ಸ್ಲೈಡ್‌ಶೋ ಮಾಡುವ ಸಾಫ್ಟ್‌ವೇರ್ ಪಿಕ್ಸೆಲ್‌ಗಳನ್ನು ಎಣಿಸುತ್ತದೆ, ಡಿಪಿಐ ಕಡೆ ತಿರುಗಿಯೂ ನೋಡುವುದಿಲ್ಲ. ನಂಬಿಕೆ ಬರದಿದ್ದರೆ ಒಂದೇ ಫೋಟೋದ ಎರಡು ಪ್ರತಿ ಮಾಡಿ. ಪಿಕ್ಸೆಲ್ ಮುಟ್ಟದೆ ಒಂದಕ್ಕೆ 72, ಇನ್ನೊಂದಕ್ಕೆ 300 ಅಂತ ಗುರುತು ಹಾಕಿ, ಸ್ಲೈಡ್‌ಶೋದಲ್ಲಿ ಅಕ್ಕಪಕ್ಕ ಇಟ್ಟು ನೋಡಿ. ಯಾವುದು ಯಾವುದು ಅಂತ ಹೇಳೋಕೆ ಆಗುವುದಿಲ್ಲ.

ಹಾಗಾದರೆ "ನಾನು ಡಿಪಿಐ ಬದಲಾಯಿಸಿದೆ, ನಿಜವಾಗಲೂ ವ್ಯತ್ಯಾಸ ಆಯ್ತು" ಅಂತ ಕೆಲವರು ಹೇಳ್ತಾರಲ್ಲ? ಅವರೇನೂ ಸುಳ್ಳು ಹೇಳುತ್ತಿಲ್ಲ. ಗೊಂದಲದ ಬೇರು ಇರೋದೇ ಇಲ್ಲಿ. ಫೋಟೋ ಎಡಿಟರ್‌ನಲ್ಲಿ ಡಿಪಿಐ ಬದಲಾಯಿಸುವ ಕಡೆಯಲ್ಲೇ ರೀಸ್ಯಾಂಪಲ್ ಅನ್ನೋ ಚಿಕ್ಕ ಚೌಕ ಇರುತ್ತದೆ. ಎಷ್ಟೋ ಸಲ ಅದಕ್ಕೆ ಮೊದಲೇ ಟಿಕ್ ಬಿದ್ದಿರುತ್ತದೆ. ಟಿಕ್ ಇದ್ದಾಗ ಡಿಪಿಐ ಬದಲಾಯಿಸಿದರೆ ಸಾಫ್ಟ್‌ವೇರ್ ಇಂಚನ್ನು ಹಾಗೇ ಇಟ್ಟುಕೊಂಡು ಪಿಕ್ಸೆಲ್‌ಗಳನ್ನೇ ಬದಲಾಯಿಸುತ್ತದೆ. 72 ಇದ್ದದ್ದನ್ನು 300 ಮಾಡಿದರೆ 4000 ಪಿಕ್ಸೆಲ್ ಅಗಲ 16,667 ಆಗುತ್ತದೆ. ಆ ಹೊಸ ಪಿಕ್ಸೆಲ್‌ಗಳಲ್ಲಿ ಹೊಸ ವಿವರ ಒಂದೂ ಇಲ್ಲ, ಅಕ್ಕಪಕ್ಕದ ಬಣ್ಣ ನೋಡಿ ತುಂಬಿಸಿದ್ದು ಅಷ್ಟೇ. ಫೈಲು ಮಾತ್ರ ಊದಿಕೊಂಡು ಕಂಪ್ಯೂಟರ್ ಏದುಸಿರು ಬಿಡುತ್ತದೆ. ಆಮೇಲೆ ಡಿವಿಡಿ ಸಾಫ್ಟ್‌ವೇರ್ ಅಷ್ಟನ್ನೂ ಮತ್ತೆ ಕುಗ್ಗಿಸಿ ಕೂರಿಸಬೇಕು.

ಇನ್ನು "72 ಸಾಕು" ಅನ್ನುವವರ ಕಥೆ. ಟಿಕ್ ಇಟ್ಟುಕೊಂಡೇ 300 ಇದ್ದದ್ದನ್ನು 72 ಮಾಡಿದರೆ 4000×3000 ಫೋಟೋ 960×720 ಆಗುತ್ತದೆ. ಡಿವಿಡಿಗೆ ಬೇಕಾದ ಅಳತೆಗೆ ಇದು ಹತ್ತಿರ, ಹಾಗಾಗಿ ಫಲಿತಾಂಶ ಚೆನ್ನಾಗೇ ಕಾಣುತ್ತದೆ. "ನೋಡಿ, 72 ಕೆಲಸ ಮಾಡಿತು" ಅನ್ನೋ ನಂಬಿಕೆ ಹುಟ್ಟುವುದು ಹೀಗೆ. ಅದೇ ಸಲಹೆಯನ್ನು ಹಳೆಯ 1600×1200 ಫೋಟೋಗೆ ಹಚ್ಚಿದರೆ ಉಳಿಯೋದು 384×288. ಇದನ್ನು ಟಿವಿ ತುಂಬ ಹಿಗ್ಗಿಸಿದಾಗ ಮುಖಗಳು ಮಸುಕಾಗುತ್ತವೆ, ಮತ್ತು ಮೂಲ ಫೈಲಿನ ಮೇಲೇ ಸೇವ್ ಮಾಡಿದ್ದರೆ ಆ ಫೋಟೋ ಹೋದಂತೆಯೇ.

72 ಅನ್ನೋ ಸಂಖ್ಯೆಗೂ ಒಂದು ಹಿನ್ನೆಲೆ ಇದೆ. 1984ರಲ್ಲಿ ಬಂದ ಆಪಲ್ ಮ್ಯಾಕಿಂತೋಷ್‌ನ ಪರದೆಯಲ್ಲಿ ಇಂಚಿಗೆ 72 ಪಿಕ್ಸೆಲ್ ಇದ್ದವು. ಅಕ್ಷರಗಳ ಗಾತ್ರ ಅಳೆಯುವ ಪಾಯಿಂಟ್ ಕೂಡ ಇಂಚಿಗೆ 72. ಎರಡನ್ನೂ ಹೊಂದಿಸಿದ್ದರಿಂದ ಪರದೆಯಲ್ಲಿ ಕಂಡ ಅಕ್ಷರ ಕಾಗದದಲ್ಲೂ ಅದೇ ಅಳತೆಗೆ ಬರುತ್ತಿತ್ತು. ಆ ಯಂತ್ರದ ಮಟ್ಟಿಗೆ ಅದು ಒಳ್ಳೆಯ ಉಪಾಯ. ಆಮೇಲೆ ಬಂದ ವಿಂಡೋಸ್ 96 ಅಂತ ಬೇರೆ ದಾರಿ ಹಿಡಿಯಿತು. ಇವತ್ತು ಫೋನಿನ ಪರದೆಯಲ್ಲಿ ಇಂಚಿಗೆ 400 ಪಿಕ್ಸೆಲ್ ಇರೋದು ಸಾಮಾನ್ಯ, ದೊಡ್ಡ ಟಿವಿಯಲ್ಲಿ 72 ಕೂಡ ಇಲ್ಲದಿರಬಹುದು. ಆದರೂ "ಪರದೆ ಅಂದ್ರೆ 72" ಅನ್ನೋ ಮಾತು ಹೋಗಿಲ್ಲ.

ಸರಿ, ಡಿವಿಡಿ ಏನು ಕೇಳುತ್ತದೆ? ಭಾರತದಲ್ಲಿ ಬಳಸುವ ಪ್ಯಾಲ್ ಟಿವಿ ಪದ್ಧತಿಯಲ್ಲಿ 720×576, ಅಮೆರಿಕ, ಜಪಾನ್ ಕಡೆಯ ಎನ್‌ಟಿಎಸ್‌ಸಿ ಪದ್ಧತಿಯಲ್ಲಿ 720×480 ಪಿಕ್ಸೆಲ್. ಇದೇ ಮಿತಿ. 720×576 ಅಂದರೆ ಒಟ್ಟು 4,14,720 ಪಿಕ್ಸೆಲ್, ಅರ್ಧ ಮೆಗಾಪಿಕ್ಸೆಲ್ ಕೂಡ ಇಲ್ಲ. ಫುಲ್ ಎಚ್‌ಡಿ ಟಿವಿಯಲ್ಲಿ ಇದರ ಸರಿಯಾಗಿ 5 ಪಟ್ಟು ಪಿಕ್ಸೆಲ್ ಇವೆ, 4ಕೆ ಟಿವಿಯಲ್ಲಿ 20 ಪಟ್ಟು. ಕಂಪ್ಯೂಟರಿನಲ್ಲಿ ಥಳಥಳ ಅಂತಿದ್ದ ಫೋಟೋ ಡಿವಿಡಿಯಿಂದ ಟಿವಿಗೆ ಬಂದಾಗ ಮೆತ್ತಗಾಗೋದಕ್ಕೆ ಮುಖ್ಯ ಕಾರಣ ಇದೇ. ಪೋರ್ಟ್ರೇಟ್ ಫೋಟೋ ಇನ್ನೂ ನಷ್ಟದಲ್ಲಿರುತ್ತದೆ. ಎತ್ತರ 576ಕ್ಕೆ ಕಟ್ಟಿಹಾಕಿರುವುದರಿಂದ 3:2 ಅಳತೆಯ ಚಿತ್ರಕ್ಕೆ ಅಗಲ 384ರಷ್ಟೇ ಸಿಗುತ್ತದೆ, ಎರಡು ಪಕ್ಕ ಕಪ್ಪು. ಎಚ್‌ಡಿಎಂಐ ಇರುವ ಪ್ಲೇಯರ್ ಇದನ್ನು ದೊಡ್ಡದು ಮಾಡಿ ತೋರಿಸಬಲ್ಲದು, ಇಲ್ಲದ ವಿವರವನ್ನು ತರಲಾರದು.

ಇನ್ನೊಂದು ಸೂಕ್ಷ್ಮ ಇದೆ. ಡಿವಿಡಿಯ ಪಿಕ್ಸೆಲ್ ಚೌಕಾಕಾರವಲ್ಲ. ಅದೇ 720×576 ಚಿತ್ರವನ್ನು ಟಿವಿ 4:3ಕ್ಕೋ 16:9ಕ್ಕೋ ಎಳೆದು ತೋರಿಸುತ್ತದೆ. ಆದ್ದರಿಂದ ನೀವೇ ಫೋಟೋ ಕುಗ್ಗಿಸುವುದಾದರೆ 4:3 ಡಿವಿಡಿಗೆ 768×576, 16:9ಕ್ಕೆ 1024×576 ಇಟ್ಟುಕೊಳ್ಳಿ. ಎನ್‌ಟಿಎಸ್‌ಸಿಗೆ 640×480 ಮತ್ತು 854×480. ಕೊನೆಯ ಹೊಂದಿಕೆಯನ್ನು ಸಾಫ್ಟ್‌ವೇರ್‌ಗೆ ಬಿಡಿ. ಇಲ್ಲಿ ತಪ್ಪಿದರೆ ಎಲ್ಲರೂ ದಪ್ಪಗೋ ಸಣ್ಣಗೋ ಕಾಣುತ್ತಾರೆ.

ಡಿಪಿಐಗೆ ಸುರಿಯುವ ಗಮನವನ್ನು ಕುಗ್ಗಿಸುವ ಕೆಲಸಕ್ಕೆ ಕೊಟ್ಟರೆ ನಿಜವಾದ ಲಾಭ ಇದೆ. 4000 ಪಿಕ್ಸೆಲ್ಲನ್ನು 720ಕ್ಕೆ ತರುವಾಗ ಕೆಲವು ಸ್ಲೈಡ್‌ಶೋ ಸಾಫ್ಟ್‌ವೇರ್‌ಗಳು ಅವಸರದ ವಿಧಾನ ಬಳಸುತ್ತವೆ, ಸುಮ್ನೆ ಅಲ್ಲೊಂದು ಇಲ್ಲೊಂದು ಪಿಕ್ಸೆಲ್ ಆರಿಸಿಕೊಂಡು ಉಳಿದದ್ದನ್ನು ಬಿಸಾಡುತ್ತವೆ, ಆಗ ಕಿಟಕಿಯ ಸರಳು, ಮೆಟ್ಟಿಲು, ಕೂದಲು ಎಲ್ಲ ಗರಗಸದ ಹಲ್ಲಿನಂತಾಗುತ್ತವೆ. ನಿಮ್ಮ ಸಾಫ್ಟ್‌ವೇರ್ ಹೀಗೆ ಮಾಡುತ್ತಿದ್ದರೆ ಫೋಟೋ ಎಡಿಟರ್‌ನಲ್ಲೇ ಬೈಕ್ಯೂಬಿಕ್ ಅಥವಾ ಲ್ಯಾಂಕ್ಜೋಸ್ (ಸುತ್ತಲಿನ ಪಿಕ್ಸೆಲ್‌ಗಳನ್ನೂ ಲೆಕ್ಕಕ್ಕೆ ತಗೊಂಡು ಕುಗ್ಗಿಸುವ ವಿಧಾನಗಳು) ಆರಿಸಿ ಒಂದೇ ಸಲಕ್ಕೆ ಕುಗ್ಗಿಸಿ. ಜೆಪೆಗ್ ಆಗಿ ಮತ್ತೆ ಮತ್ತೆ ಸೇವ್ ಮಾಡಬೇಡಿ, ಪ್ರತಿ ಸಲವೂ ಸ್ವಲ್ಪ ವಿವರ ಹೋಗುತ್ತದೆ. ವಿವರ ಕಳೆಯದ ಪಿಎನ್‌ಜಿ ಒಳ್ಳೆಯದು.

ಕುಗ್ಗಿಸಿದ ಮೇಲೆ ಶಾರ್ಪ್ ಮಾಡುವ ಆಸೆ ಆಗುತ್ತದೆ. ಕೈ ಬಿಗಿ ಹಿಡಿಯಿರಿ. ಡಿವಿಡಿಯ ವಿಡಿಯೊ ಸಾಮಾನ್ಯವಾಗಿ ಇಂಟರ್‌ಲೇಸ್ಡ್. ಬೆಸ ಸಂಖ್ಯೆಯ ಗೆರೆಗಳು ಒಮ್ಮೆ, ಸಮ ಸಂಖ್ಯೆಯ ಗೆರೆಗಳು ಇನ್ನೊಮ್ಮೆ ಬರುತ್ತವೆ. ಒಂದೇ ಗೆರೆಯಷ್ಟು ತೆಳುವಾದ ಅಡ್ಡಗೀಟು, ಅಂದರೆ ದೂರದ ತಂತಿ ಅಥವಾ ಹೆಂಚಿನ ಅಂಚು, ಒಂದು ಸರದಿಯಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲವಾಗಿ ಮಿಣಮಿಣ ಅನ್ನುತ್ತದೆ. ಹಳೆಯ ಟ್ಯೂಬ್ ಟಿವಿಯಲ್ಲಿ ಇದು ಕಣ್ಣಿಗೆ ಚುಚ್ಚುತ್ತದೆ. ಸಾಫ್ಟ್‌ವೇರ್‌ನಲ್ಲಿ ಆ್ಯಂಟಿ-ಫ್ಲಿಕರ್ ಇದ್ದರೆ ಹಾಕಿ, ಇಲ್ಲದಿದ್ದರೆ ಮೇಲೆ ಕೆಳಗಿನ ದಿಕ್ಕಿನಲ್ಲಿ ಮಾತ್ರ ಒಂಚೂರು ಬ್ಲರ್ ಕೊಡಿ. ಟ್ಯೂಬ್ ಟಿವಿಗಳು ಅಂಚನ್ನೂ ಸ್ವಲ್ಪ ನುಂಗುತ್ತವೆ. ತುದಿಯಲ್ಲಿ ನಿಂತವರ ಮುಖ, ಕೆಳಗಿನ ಬರಹ ಎರಡನ್ನೂ ಒಳಗೆ ತನ್ನಿ. ಬರಹಕ್ಕೆ ಕಡುಗೆಂಪು ಬೇಡ. ಡಿವಿಡಿಯಲ್ಲಿ ಬಣ್ಣದ ವಿವರ 360×288 ಅಷ್ಟೇ ಉಳಿಯುವುದರಿಂದ ಕೆಂಪು ಅಕ್ಷರದ ಅಂಚು ಕದಡಿಹೋಗುತ್ತದೆ.

ಬಿಟ್‌ರೇಟ್, ಅಂದರೆ ಒಂದು ಸೆಕೆಂಡಿನ ವಿಡಿಯೊಗೆ ಎಷ್ಟು ಡೇಟಾ ಅನ್ನೋ ವಿಷಯ. ಡಿವಿಡಿ ವಿಡಿಯೊವನ್ನು ಎಂಪೆಗ್-2 ಅನ್ನೋ ವಿಧಾನದಲ್ಲಿ ಅಡಕ ಮಾಡುತ್ತಾರೆ, ಗರಿಷ್ಠ ಸೆಕೆಂಡಿಗೆ 9.8 ಮೆಗಾಬಿಟ್. ಬರ್ನ್ ಮಾಡಿದ ಡಿಸ್ಕನ್ನು ಆ ತುದಿಗೆ ಒಯ್ದರೆ ಕೆಲವು ಪ್ಲೇಯರ್ ತಡವರಿಸುತ್ತವೆ, 8 ಸಾಕು. 4.7 ಜಿಬಿ ಡಿಸ್ಕಿನಲ್ಲಿ ಅಷ್ಟಕ್ಕೆ ಒಂದು ಗಂಟೆಗೂ ಜಾಸ್ತಿ ಹಿಡಿಸುತ್ತದೆ. "ಎರಡು ಗಂಟೆ" ಅನ್ನೋ ಆಯ್ಕೆ ಮೊದಲೇ ಸೆಟ್ ಆಗಿದ್ದರೆ ಬದಲಾಯಿಸಿ, 20 ನಿಮಿಷದ ಸ್ಲೈಡ್‌ಶೋಗೆ ಅದು ಯಾಕೆ? ಬಿಟ್‌ರೇಟ್ ಕಡಿಮೆ ಆದಾಗ ನಿಂತ ಚಿತ್ರವೂ ಸುಮಾರು ಅರ್ಧ ಸೆಕೆಂಡಿಗೊಮ್ಮೆ ಉಸಿರಾಡಿದಂತೆ ಅಲುಗುತ್ತದೆ, ಯಾಕೆಂದರೆ ಅಷ್ಟು ಹೊತ್ತಿಗೊಮ್ಮೆ ಎಂಪೆಗ್-2 ಇಡೀ ಫ್ರೇಮನ್ನು ಹೊಸದಾಗಿ ಬರೆಯುತ್ತದೆ. ಒಂದು ಫೋಟೋ ಕರಗಿ ಇನ್ನೊಂದು ಮೂಡುವ ಹೊತ್ತಲ್ಲಿ ಇಡೀ ಚಿತ್ರ ಒಟ್ಟಿಗೆ ಬದಲಾಗುವುದರಿಂದ ಚೌಕ ಚೌಕ ಕಲೆ ಏಳುತ್ತವೆ. ಹಾಡನ್ನು ಪಿಸಿಎಮ್ (ಅಡಕ ಮಾಡದ ಧ್ವನಿ) ಬದಲು ಡಾಲ್ಬಿಯಲ್ಲಿ (ಅಡಕ ಮಾಡಿದ ಧ್ವನಿ) ಹಾಕಿದರೆ ಸೆಕೆಂಡಿಗೆ ಒಂದು ಮೆಗಾಬಿಟ್‌ಗಿಂತ ಜಾಸ್ತಿ ಉಳಿಯುತ್ತದೆ.

ಮೊದಲೇ ಕುಗ್ಗಿಸಬಾರದ ಸಂದರ್ಭವೂ ಒಂದಿದೆ: ಚಿತ್ರದ ಮೇಲೆ ಕ್ಯಾಮೆರಾ ಸರಿದಂತೆ, ಹತ್ತಿರ ಹೋದಂತೆ ತೋರಿಸುವಾಗ. ಎರಡು ಪಟ್ಟು ಜೂಮ್ ಬೇಕಾದರೆ ಅಗಲಕ್ಕೂ ಎತ್ತರಕ್ಕೂ ಎರಡೆರಡು ಪಟ್ಟು ಪಿಕ್ಸೆಲ್ ಬೇಕು, 16:9ಕ್ಕೆ 2048×1152. ಇಲ್ಲೂ ಲೆಕ್ಕ ಪಿಕ್ಸೆಲ್ಲಿನದೇ.

ಡಿಸ್ಕಿನಲ್ಲಿ ಜಾಗ ಉಳಿದರೆ ವಿಡಿಯೊ ಫೋಲ್ಡರ್ ಪಕ್ಕದಲ್ಲೇ ಇನ್ನೊಂದು ಫೋಲ್ಡರ್ ಮಾಡಿ ಮೂಲ ಜೆಪೆಗ್‌ಗಳನ್ನೂ ಬರೆದುಬಿಡಿ. ಪ್ಲೇಯರ್ ತನ್ನ ಪಾಡಿಗೆ ಸ್ಲೈಡ್‌ಶೋ ಓಡಿಸುತ್ತದೆ, ಕಂಪ್ಯೂಟರಿಗೆ ಹಾಕಿದವರಿಗೆ 4000 ಪಿಕ್ಸೆಲ್ಲಿನ ಫೋಟೋ ಪೂರ್ತಿ ಸಿಗುತ್ತದೆ. ಅವರು ಪ್ರಿಂಟ್ ಹಾಕಿಸುವುದಾದರೆ ಆಗ ಬೇಕಾದರೆ 300 ಅಂತ ಬರೆದುಕೊಳ್ಳಲಿ.