ಬೆಳೆಸಬೇಕಾದ್ದು ಮಾಸ್, ಪಾಚಿ ಅಲ್ಲ

ಮನೆಯ ಸಣ್ಣ ಮೀನಿನ ತೊಟ್ಟಿಗೆ ಮಾಸ್ ಹಾಕೋಣ ಅಂದರೆ ಎಷ್ಟೋ ಜನ ಗಾಬರಿಯಾಗುತ್ತಾರೆ. "ಪಾಚಿ ತೆಗೆಯೋಕೇ ಒದ್ದಾಡ್ತಿದ್ದೀವಿ, ನೀವು ಪಾಚಿ ಹಾಕಿ ಅಂತೀರಲ್ಲ!" ತಪ್ಪು ಅವರದಲ್ಲ. ನಮ್ಮ ಮಾತಿನಲ್ಲಿ ಎರಡೂ ಪಾಚಿಯೇ. ಆದರೆ ಗಾಜಿಗೆ ಲೋಳೆಯಾಗಿ ಮೆತ್ತಿಕೊಂಡು ನೀರನ್ನೇ ಹಸಿರು ಮಾಡುವುದು ಬೇರೆ, ಸಣ್ಣ ಸಣ್ಣ ಎಲೆ ಬಿಟ್ಟು ಕಲ್ಲಿಗೋ ಮರದ ತುಂಡಿಗೋ ಹಬ್ಬುವ ಮಾಸ್ ಬೇರೆ. ಮೊದಲನೆಯದನ್ನು ಮಾತ್ರ ಇಲ್ಲಿ ಪಾಚಿ ಅನ್ನುತ್ತೇನೆ. ಎರಡಕ್ಕೂ ಬೇಕಾಗಿರುವುದು ಅದೇ ಬೆಳಕು, ಅದೇ ಆಹಾರ. ಬೆಳಕು ಜಾಸ್ತಿ ಕೊಟ್ಟರೆ ಗೆಲ್ಲೋದು ಪಾಚಿ. ಮಾಸ್‌ಗೆ ಮಬ್ಬು ಬೆಳಕು ಸಾಕು, ಅಷ್ಟರಲ್ಲಿ ಪಾಚಿ ಜೋರಾಗಿ ಬೆಳೆಯುವುದು ಕಡಿಮೆ. ಕಡಿಮೆ ಕೆಲಸದ ತೊಟ್ಟಿ ನಿಂತಿರುವುದೇ ಈ ವ್ಯತ್ಯಾಸದ ಮೇಲೆ.

ಸಣ್ಣ ತೊಟ್ಟಿ ಅಂದರೆ ತೀರಾ ಸಣ್ಣದಲ್ಲ. 20 ಲೀಟರ್‌ಗಿಂತ ಕೆಳಗೆ ಹೋಗಬೇಡಿ ಎಂದೇ ನಾನು ಎಲ್ಲರಿಗೂ ಹೇಳುತ್ತೇನೆ. ನೀರು ಕಡಿಮೆ ಇದ್ದಷ್ಟೂ ಬೇಗ ಬಿಸಿಯಾಗುತ್ತದೆ, ಬೇಗ ಕೊಳೆಯಾಗುತ್ತದೆ. ನೀರು, ಕಲ್ಲು, ಗಾಜು ಸೇರಿ 25 ಕೆಜಿ ಸುಲಭವಾಗಿ ದಾಟುತ್ತದೆ, ಹಾಗಾಗಿ ತುಂಬಿಸುವ ಮೊದಲೇ ಜಾಗ ಗಟ್ಟಿ ಮಾಡಿಕೊಳ್ಳಿ. ನೇರ ಬಿಸಿಲು ಬೀಳುವ ಕಿಟಕಿ ಬೇಡ.

ಮಾಸ್‌ಗೆ ನಿಜವಾದ ಬೇರು ಇಲ್ಲ. ಆಹಾರವನ್ನು ಎಲೆಯಿಂದಲೇ ನೀರಿನಿಂದ ಹೀರಿಕೊಳ್ಳುತ್ತದೆ. ಆದ್ದರಿಂದ ದುಬಾರಿ ಮಣ್ಣು ಬೇಡ, ತೊಳೆದ ಸಣ್ಣ ಕಲ್ಲು ಸಾಕು. ಮೊದಲ ಸಲ ಬೆಳೆಸುವವರಿಗೆ ಜಾವಾ ಮಾಸ್ ಒಳ್ಳೆಯದು. ಅದರ ಹಿಡಿತ ಮಾತ್ರ ಸಡಿಲ. ಅದನ್ನು ಕಲ್ಲಿಗೋ ಮರಕ್ಕೋ ಕಟ್ಟಿದ ಹತ್ತಿ ದಾರ ಕೆಲವು ವಾರದಲ್ಲಿ ಕೊಳೆತು ಬಿಡುತ್ತದೆ, ಆಮೇಲೆ ಇಡೀ ಗೊಂಚಲು ತೇಲುತ್ತದೆ. ನಾನು ಗಾಳದ ತೆಳು ನೈಲಾನ್ ದಾರದಲ್ಲೇ ಕಟ್ಟುತ್ತೇನೆ. ಕ್ರಿಸ್‌ಮಸ್ ಮಾಸ್ ಇದಕ್ಕಿಂತ ಚೆನ್ನಾಗಿ ಕಚ್ಚಿಕೊಳ್ಳುತ್ತದೆ, ಬೆಳೆಯುವುದು ನಿಧಾನ.

ಕಟ್ಟುವಾಗ ಎಲ್ಲರೂ ಮಾಡುವ ತಪ್ಪು ಒಂದೇ: ಮುದ್ದೆ ಮುದ್ದೆಯಾಗಿ ಇಡುವುದು. ಒಂದೇ ದಿನಕ್ಕೆ ಹಸಿರು ಕಾಣಲಿ ಅನ್ನುವ ಆಸೆ ಎಲ್ಲರಿಗೂ ಇರುತ್ತದೆ, ಅಲ್ವಾ? ಆದರೆ ದಪ್ಪ ಪದರದ ಅಡಿಗೆ ಬೆಳಕೂ ಹೋಗುವುದಿಲ್ಲ, ನೀರೂ ಆಡುವುದಿಲ್ಲ, ಕೆಳಗಿನದು ಕಂದು ಬಣ್ಣಕ್ಕೆ ತಿರುಗಿ ಕೊಳೆತು ಮೇಲಿನದನ್ನೂ ಸಡಿಲ ಮಾಡಿಬಿಡುತ್ತದೆ. ಕತ್ತರಿಯಿಂದ ಚಿಕ್ಕದಾಗಿ ಕತ್ತರಿಸಿ, ಹಿಂದಿನ ಕಲ್ಲೋ ಮರವೋ ಕಾಣುವಷ್ಟು ತೆಳ್ಳಗೆ ಹರಡಿ. ಮೊದಲ ತಿಂಗಳು ನೋಡೋಕೆ ಬಡವಾಗಿರುತ್ತದೆ. ಇರಲಿ ಬಿಡಿ.

ದೀಪ ದಿನಕ್ಕೆ 6 ಗಂಟೆ ಸಾಕು, ಅದೂ ಟೈಮರ್ ಹಾಕಿ. ಈ ಕೆಲಸಕ್ಕೆ ಬಂದ ಹೊಸದರಲ್ಲಿ ಒಂದು ತೊಟ್ಟಿಗೆ 10 ಗಂಟೆ ಬೆಳಕು ಕೊಟ್ಟಿದ್ದೆ, ಬೇಗ ಬೆಳೆಯಲಿ ಅಂತ. ದಾರದಂಥ ಪಾಚಿ ಮಾಸ್ ಒಳಗೆ ಹೆಣೆದುಕೊಂಡಿತು. ಎರಡನ್ನೂ ಬಿಡಿಸುವುದು ಆಗದ ಕೆಲಸ. ಅಷ್ಟನ್ನೂ ಕಿತ್ತು ಎಸೆಯಬೇಕಾಯಿತು, ಇವತ್ತಿಗೂ ಬೇಜಾರಿದೆ.

ಇನ್ನು ಕಾಯುವ ವಿಷಯ. ಮೀನಿನ ಕಸದಿಂದ ಅಮೋನಿಯ ಬರುತ್ತದೆ, ಅದು ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಬಗೆಯದು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ, ಅದರಿಂದ ತೊಂದರೆ ಕಡಿಮೆ, ಗಿಡಗಳೂ ಅದನ್ನು ತಿನ್ನುತ್ತವೆ. ಈ ಬ್ಯಾಕ್ಟೀರಿಯಾ ಫಿಲ್ಟರಿನ ಸ್ಪಂಜಿನಲ್ಲಿ ನೆಲೆಯಾಗಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಅಲ್ಲಿಯವರೆಗೆ ಮೀನು ಬೇಡ. ಚಿಟಿಕೆ ಮೀನಿನ ಆಹಾರವನ್ನಷ್ಟೇ ಆಗಾಗ ಹಾಕುತ್ತಿರಿ, ಅದು ಕೊಳೆತು ಬರುವ ಅಮೋನಿಯವೇ ಬ್ಯಾಕ್ಟೀರಿಯಾಗೆ ಊಟ. ಟೆಸ್ಟ್ ಕಿಟ್‌ನಲ್ಲಿ ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆ ತೋರಿಸಿದ ಮೇಲೆ ಮುಂದಿನ ಮಾತು. ಮನೆಯಲ್ಲಿ ಮಕ್ಕಳಿದ್ದರೆ ಈ ಕಾಯುವಿಕೆ ಕಷ್ಟ ಅಂತ ಗೊತ್ತು, ಆದರೆ ಸತ್ತ ಮೀನನ್ನು ಅವರಿಗೆ ತೋರಿಸುವುದು ಇನ್ನೂ ಕಷ್ಟ.

ಮಾಸ್ ತೊಟ್ಟಿಗೆ ನನ್ನ ಮೊದಲ ಆಯ್ಕೆ ಚೆರ್ರಿ ಸಿಗಡಿ. ಮಾಸ್ ಮೇಲೆ ಕೂರುವ ಸೂಕ್ಷ್ಮ ಆಹಾರವನ್ನು ಇಡೀ ದಿನ ಮೇಯುತ್ತವೆ, ಮರಿಗಳು ಅದರೊಳಗೇ ಅಡಗುತ್ತವೆ. ತಾಮ್ರ ಅವಕ್ಕೆ ಆಗುವುದೇ ಇಲ್ಲ, ಆದ್ದರಿಂದ ಮೀನಿನ ಔಷಧಿ ಹಾಕುವ ಮೊದಲು ಚೀಟಿ ಓದಿ. ಹೊಸ ಗಿಡಗಳಲ್ಲಿ ಕೀಟನಾಶಕ ಉಳಿದಿರಬಹುದು. ಅವನ್ನು ಬೇರೆ ಬಕೆಟ್‌ನಲ್ಲಿ, ದಿನಾ ನೀರು ಬದಲಿಸುತ್ತಾ ಒಂದು ವಾರ ಇಟ್ಟು ಆಮೇಲೆ ಹಾಕಿ. ಸಿಗಡಿ ಬೇಡವೆಂದರೆ ಒಂದೇ ಒಂದು ಫೈಟರ್ ಮೀನು. ಎರಡೂ ಒಟ್ಟಿಗೆ ಬೇಡ, ಮರಿ ಸಿಗಡಿಗಳು ಉಳಿಯುವುದಿಲ್ಲ. ಗೋಲ್ಡ್‌ಫಿಷ್ ಇಷ್ಟು ಚಿಕ್ಕ ತೊಟ್ಟಿಗಲ್ಲ.

ವಾರಕ್ಕೊಮ್ಮೆ ಕಾಲು ಭಾಗ ನೀರು ತೆಗೆದು ಹೊಸದು ಹಾಕಿ. ನಲ್ಲಿ ನೀರನ್ನು ಒಂದು ದಿನ ತೆರೆದಿಟ್ಟರೆ ಕ್ಲೋರಿನ್ ಹೋಗುತ್ತದೆ, ಕೆಲವು ಕಡೆ ಕ್ಲೋರಿನ್ ಬದಲು ನೀರಿಗೆ ಹಾಕುವ ಕ್ಲೋರಮೈನ್ ಹಾಗೆ ಹೋಗುವುದಿಲ್ಲ, ಅದಕ್ಕೆ ಕ್ಲೋರಿನ್ ತೆಗೆಯುವ ದ್ರಾವಣ ಬೇಕೇ ಬೇಕು. ಫಿಲ್ಟರಿನ ಸ್ಪಂಜನ್ನು ನಲ್ಲಿ ಕೆಳಗೆ ಹಿಡಿದು ತೊಳೆಯಬೇಡಿ, ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ. ಇಲ್ಲದಿದ್ದರೆ ವಾರಗಟ್ಟಲೆ ಕಾದು ಬೆಳೆಸಿದ ಬ್ಯಾಕ್ಟೀರಿಯಾ ಸಾಯುತ್ತವೆ.

ಮಾಸ್ 3-4 ಸೆಂಟಿಮೀಟರ್ ದಪ್ಪ ಆದಾಗ ಕತ್ತರಿಸಿ. ಫಿಲ್ಟರ್ ಆಫ್ ಮಾಡಿ, ಪಕ್ಕದಲ್ಲೇ ಬಲೆ ಹಿಡಿದುಕೊಳ್ಳಿ, ಏಕೆಂದರೆ ತಪ್ಪಿಸಿಕೊಂಡ ಒಂದು ಚೂರೂ ಎಲ್ಲೋ ಕೂತು ಬೆಳೆಯುತ್ತದೆ. ಕತ್ತರಿಸಿ ತೆಗೆದದ್ದನ್ನು ನೀರು ತುಂಬಿದ ಬಾಟಲಿಯಲ್ಲಿ ನೆರಳಿನಲ್ಲಿಟ್ಟು, ಆಸೆಪಟ್ಟವರಿಗೆ ಕೊಡಿ. ಕೆರೆಗೋ ಹೊಳೆಗೋ ಮಾತ್ರ ಸುರಿಯಬೇಡಿ.