ಒಳ್ಳೆಯ ಡಿಫೆಂಡರ್ ಹೊಸ ದೇಶಕ್ಕೆ ಹೋದ ಕೂಡಲೇ ಯಾಕೆ ಎಡವುತ್ತಾನೆ?

ಓದುಗರ ಪ್ರಶ್ನೆ: "ತನ್ನ ದೇಶದ ಲೀಗ್‌ನಲ್ಲಿ ಗೋಡೆ ಹಾಗೆ ನಿಲ್ಲುತ್ತಿದ್ದ ಫುಟ್ಬಾಲ್ ಡಿಫೆಂಡರ್, ಹೊರದೇಶದ ಕ್ಲಬ್‌ಗೆ ಹೋದ ಮೇಲೆ ತಪ್ಪು ಮಾಡೋಕೆ ಶುರು ಮಾಡ್ತಾನೆ. ಫಾರ್ವರ್ಡ್‌ಗಳು ಹೋಗಿ ಒಂದೇ ವಾರಕ್ಕೆ ಗೋಲು ಹೊಡೀತಾರೆ. ಡಿಫೆಂಡರ್‌ಗೆ ಮಾತ್ರ ಯಾಕೆ ಹೀಗೆ? ಆಟ ಎಲ್ಲಾ ಕಡೆ ಒಂದೇ ಅಲ್ವಾ?"

ಆಟ ಒಂದೇ, ನಿಜ. ಚೆಂಡು, ಗೋಲ್‌ಪೋಸ್ಟ್, 90 ನಿಮಿಷ, ಎಲ್ಲಾ ಕಡೆ ಅವೇ. ಬೇರೆಯಾಗುವುದು ಪಕ್ಕದಲ್ಲಿ ನಿಂತವನು. ಡಿಫೆಂಡರ್‌ನ ಕೆಲಸದಲ್ಲಿ ಅರ್ಧ ಅವನ ಕಾಲಲ್ಲಿದೆ. ಇನ್ನರ್ಧ ಆ ಪಕ್ಕದವನ ಜೊತೆಗಿನ ಹೊಂದಾಣಿಕೆಯಲ್ಲಿದೆ. ದೇಶ ಬಿಟ್ಟು ಹೊರಟಾಗ ಮೊದಲಿನ ಅರ್ಧ ಮಾತ್ರ ಜೊತೆಗೆ ಬರುತ್ತದೆ.

ಒಂದು ಮ್ಯಾಚ್ ನೆನಪಿಸಿಕೊಳ್ಳೋಣ. 2020ರ ಸೆಪ್ಟೆಂಬರ್ 26. ಬ್ರೆಜಿಲ್‌ನ ಡಿಫೆಂಡರ್ ಥಿಯಾಗೊ ಸಿಲ್ವಾ ಇಂಗ್ಲೆಂಡಿನ ಚೆಲ್ಸಿ ಕ್ಲಬ್ ಪರವಾಗಿ ಆಡಿದ ಮೊದಲ ಪ್ರೀಮಿಯರ್ ಲೀಗ್ ಪಂದ್ಯ. ಎದುರಿಗಿದ್ದದ್ದು ವೆಸ್ಟ್ ಬ್ರಾಮ್. ಸಿಲ್ವಾಗೆ 36 ತುಂಬಿ ನಾಲ್ಕೇ ದಿನ ಆಗಿತ್ತು. ಇಟಲಿಯಲ್ಲಿ ಮಿಲಾನ್ ಜೊತೆ ಲೀಗ್ ಗೆದ್ದವರು, ಪ್ಯಾರಿಸ್‌ನಲ್ಲಿ ಏಳು ಸಲ ಗೆದ್ದವರು, ಬ್ರೆಜಿಲ್ ತಂಡದ ನಾಯಕರಾಗಿದ್ದವರು. ಅಂಥವರ ಕಾಲಡಿಯಿಂದ ಚೆಂಡು ಜಾರಿತು. ಹಿಂದೆ ಗೋಲ್‌ಕೀಪರ್ ಬಿಟ್ಟರೆ ಯಾರೂ ಇಲ್ಲ. ಕ್ಯಾಲಮ್ ರಾಬಿನ್ಸನ್ ಚೆಂಡು ಕಿತ್ತುಕೊಂಡು ಹೋಗಿ ಗೋಲು ಹೊಡೆದರು. ಅರ್ಧ ಗಂಟೆಯೊಳಗೆ ಚೆಲ್ಸಿ 0-3 ಹಿಂದೆ. ಕೊನೆಗೆ ಹೇಗೋ 3-3 ಆಯಿತು. ಆದರೆ ಅವತ್ತು ಎಲ್ಲರ ಬಾಯಲ್ಲೂ ಇದ್ದದ್ದು ಆ ಒಂದು ಜಾರಿಕೆ.

ಇದೇ ತಪ್ಪನ್ನು ಫಾರ್ವರ್ಡ್ ಮಾಡಿದ್ದರೆ? ಎದುರಾಳಿಗೆ ಚೆಂಡು ಸಿಗುತ್ತಿತ್ತು, ಅಷ್ಟೇ. ಎರಡು ನಿಮಿಷಕ್ಕೆ ಎಲ್ಲರೂ ಮರೆತುಬಿಡುತ್ತಿದ್ದರು. ಹತ್ತು ಸಲ ಪ್ರಯತ್ನಿಸಿ ಒಂಬತ್ತು ಸಲ ಎಡವಿ ಒಂದು ಗೋಲು ಹೊಡೆದರೂ ಫಾರ್ವರ್ಡ್ ಹೀರೋ. ಡಿಫೆಂಡರ್ 89 ನಿಮಿಷ ಸರಿಯಾಗಿ ಆಡಿ ಒಂದು ಸೆಕೆಂಡ್ ಮೈಮರೆತರೆ ಖಳನಾಯಕ. ಹಾಗಾಗಿ ನಿಮ್ಮ ಪ್ರಶ್ನೆಗೆ ಮೊದಲ ಉತ್ತರ ಇದು: ಹೊಸ ದೇಶದಲ್ಲಿ ಫಾರ್ವರ್ಡ್‌ಗಳೂ ತಡಬಡಾಯಿಸುತ್ತಾರೆ. ನಮಗೆ ಕಾಣಿಸುವುದಿಲ್ಲ. ಡಿಫೆಂಡರ್‌ನ ತಡಬಡಿಕೆ ಮಾತ್ರ ಸ್ಕೋರ್‌ಬೋರ್ಡ್ ಮೇಲೆ ಬಂದು ಕೂರುತ್ತದೆ.

ಆದರೆ ಬರೀ ಕಣ್ಣಿನ ಮೋಸ ಅಂದುಬಿಟ್ಟರೂ ತಪ್ಪಾಗುತ್ತದೆ. ನಿಜವಾದ ಕಷ್ಟವೂ ಇದೆ. ಅದು ಇರುವುದು ಡಿಫೆನ್ಸ್ ಲೈನ್‌ನಲ್ಲಿ.

ನಾಲ್ಕು ಜನ ಡಿಫೆಂಡರ್‌ಗಳು ಒಂದು ಗೆರೆ ಎಳೆದ ಹಾಗೆ ನಿಂತಿರುತ್ತಾರೆ. ಎದುರಾಳಿ ಪಾಸ್ ಕೊಡುವ ಕ್ಷಣಕ್ಕೆ ಸರಿಯಾಗಿ ನಾಲ್ವರೂ ಒಟ್ಟಿಗೆ ಒಂದು ಹೆಜ್ಜೆ ಮುಂದೆ ಬಂದರೆ ಫಾರ್ವರ್ಡ್ ಆಫ್‌ಸೈಡ್, ಅಂದರೆ ಆ ಗೆರೆಯ ಆಚೆ ಸಿಕ್ಕಿಬಿದ್ದವನು, ಗೋಲು ಹೊಡೆದರೂ ಲೆಕ್ಕಕ್ಕಿಲ್ಲ. ಮೂವರು ಬಂದು ಒಬ್ಬ ಅರ್ಧ ಹೆಜ್ಜೆ ಹಿಂದೆ ಉಳಿದರೆ ಮೂವರ ಕೆಲಸವೂ ನೀರಲ್ಲಿ ಹೋಮ. 1998ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಫ್ರಾನ್ಸ್‌ಗೆ ಆದದ್ದು ಇದೇ. ಲಿಲಿಯನ್ ಥುರಾಂ ಲೈನ್‌ನಿಂದ ಸ್ವಲ್ಪ ಹಿಂದೆ ಉಳಿದರು. ಕ್ರೊಯೇಷಿಯಾದ ಡೇವೊರ್ ಶುಕರ್ ಆನ್‌ಸೈಡ್ ಆದರು, ಗೋಲು ಬಿತ್ತು. ಮರುನಿಮಿಷವೇ ಥುರಾಂ ಓಡಿಹೋಗಿ ಗೋಲು ಹೊಡೆದು ಸಮ ಮಾಡಿದರು. ಆಮೇಲೆ ಇನ್ನೊಂದು ಹೊಡೆದು ಮ್ಯಾಚನ್ನೇ ಗೆಲ್ಲಿಸಿದರು. ದೇಶಕ್ಕಾಗಿ 142 ಪಂದ್ಯ ಆಡಿದ ಅವರು ಹೊಡೆದದ್ದು ಒಟ್ಟು ಎರಡೇ ಗೋಲು, ಎರಡೂ ಅವತ್ತೇ! ಎಲ್ಲಾ ಡಿಫೆಂಡರ್‌ಗಳಿಗೂ ತಪ್ಪನ್ನು ತೊಳೆದುಕೊಳ್ಳುವ ಇಂಥ ಅದೃಷ್ಟ ಇರುವುದಿಲ್ಲ ಬಿಡಿ. ಸ್ವಂತ ದೇಶದಲ್ಲಿ, ಪರಿಚಯದ ಜೊತೆಗಾರರ ನಡುವೆಯೇ ಲೈನ್ ಹೀಗೆ ಮುರಿಯಬಹುದಾದರೆ, ಹೊಸಬನ ಪಾಡು ಯೋಚಿಸಿ.

ಲೈನ್ ಒಂದೇ ಅಲ್ಲ. ಎತ್ತರದ ಚೆಂಡು ಬಂದಾಗ ಹೆಡ್ ಮಾಡಲು ಯಾರು ಹಾರಬೇಕು, ಯಾರು ಹಿಂದೆ ಕಾವಲು ನಿಲ್ಲಬೇಕು? ಅಂಚಿನಲ್ಲಿ ಆಡುವ ಡಿಫೆಂಡರ್, ಅಂದರೆ ಫುಲ್ ಬ್ಯಾಕ್, ದಾಳಿಗೆ ಮೇಲೆ ಹೋದರೆ ಅವನ ಖಾಲಿ ಜಾಗ ಯಾರು ತುಂಬಬೇಕು? ಗೋಲ್‌ಕೀಪರ್ ಹೊರಗೆ ಬರುವವನೋ, ಗೆರೆ ಮೇಲೇ ನಿಲ್ಲುವವನೋ? ಕೇಳಿಕೊಂಡು ಮಾಡಲು ಪುರುಸೊತ್ತಿಲ್ಲ. ಗೊತ್ತಿರಬೇಕು. ಮಧ್ಯದಲ್ಲಿ ನಿಲ್ಲುವ ಇಬ್ಬರು ಸೆಂಟರ್ ಬ್ಯಾಕ್‌ಗಳನ್ನು ಜೋಡಿ ಅನ್ನುವುದು ಸುಮ್ನೆ ಅಲ್ಲ. ಜೋಡೆತ್ತುಗಳ ಹಾಗೆ, ಒಂದು ಎಳೆದ ಕಡೆಗೆ ಇನ್ನೊಂದು ತಾನಾಗಿ ತಿರುಗಬೇಕು.

ಮಿಲಾನ್‌ನ ಹಳೆಯ ಲೈನ್ ನೋಡಿ. ಟಸೊಟ್ಟಿ, ಕೊಸ್ಟಾಕುರ್ಟಾ, ಬರೇಸಿ, ಮಾಲ್ದಿನಿ. ವರ್ಷಗಟ್ಟಲೆ ಒಟ್ಟಿಗೆ ಇದ್ದವರು. 1993-94ರಲ್ಲಿ ಮಿಲಾನ್ 34 ಲೀಗ್ ಪಂದ್ಯಗಳಲ್ಲಿ ಬಿಟ್ಟುಕೊಟ್ಟದ್ದು ಬರೀ 15 ಗೋಲು. ಅದೇ ಸೀಸನ್ನಿನಲ್ಲಿ ಯುರೋಪಿನ ಕ್ಲಬ್‌ಗಳ ದೊಡ್ಡ ಕಪ್ ಆದ ಚಾಂಪಿಯನ್ಸ್ ಲೀಗ್‌ನ ಫೈನಲ್‌ಗೆ ಬರೇಸಿ, ಕೊಸ್ಟಾಕುರ್ಟಾ ಇಬ್ಬರಿಗೂ ನಿಷೇಧ. ಆದರೂ ಬಾರ್ಸಿಲೋನಾ ವಿರುದ್ಧ 4-0 ಗೆದ್ದರು! ಹಾಗಾದರೆ ಜೋಡಿಯ ಮಾತು ಸುಳ್ಳಾ? ಮಧ್ಯಕ್ಕೆ ಬಂದವರು ಯಾರು ನೋಡಿ. ಎಡಗಡೆಯಿಂದ ಸರಿದು ಬಂದ ಮಾಲ್ದಿನಿ, ಹತ್ತು ವರ್ಷಕ್ಕೂ ಮೇಲೆ ಅದೇ ಕ್ಲಬ್‌ನಲ್ಲಿದ್ದ ಫಿಲಿಪ್ಪೊ ಗಾಲಿ. ಹೆಸರು ಬದಲಾಗಿತ್ತು, ಅಭ್ಯಾಸ ಹಳೆಯದೇ.

ಇನ್ನು ಭಾಷೆ. ಇಡೀ ಮೈದಾನ ಕಣ್ಣೆದುರಿಗೆ ಇರುವುದು ಹಿಂದೆ ನಿಂತವನಿಗೆ. ಹಾಗಾಗಿ ಜಾಸ್ತಿ ಕೂಗಬೇಕಾದವನೂ ಅವನೇ. "ಮೇಲೆ ಬಾ", "ಬಿಡು", "ಹಿಂದೆ ಒಬ್ಬ ಇದ್ದಾನೆ", ಇಂಥ ಹತ್ತಿಪ್ಪತ್ತು ಮಾತು ಕಲಿಯಲು ವಾರ ಸಾಕು. ತೊಂದರೆ ಬೇರೆ ಕಡೆ ಇದೆ. ಗಾಬರಿಯಾದಾಗ ಬಾಯಿಗೆ ಬರುವುದು ತಾಯ್ನುಡಿಯೇ. ಪಕ್ಕದವನಿಗೆ ಅದು ಅರ್ಥವಾಗುವಷ್ಟರಲ್ಲಿ ಚೆಂಡು ನೆಟ್‌ನಲ್ಲಿರುತ್ತದೆ. ಫಾರ್ವರ್ಡ್ ಆದರೆ ಕೈ ತೋರಿಸಿ ಚೆಂಡು ಕೇಳಿದರೂ ನಡೆಯುತ್ತದೆ.

ರೆಫ್ರಿಗಳ ಅಳತೆಯೂ ಬೇರೆ ಬೇರೆ. ನಿಯಮ ಎಲ್ಲಾ ಕಡೆ ಒಂದೇ ಪುಸ್ತಕದ್ದು. ಆದರೆ ಒಂದು ಲೀಗ್‌ನಲ್ಲಿ "ಗಟ್ಟಿ ಟ್ಯಾಕಲ್" ಅನ್ನಿಸಿಕೊಂಡದ್ದು ಇನ್ನೊಂದರಲ್ಲಿ ಹಳದಿ ಕಾರ್ಡ್ ಆಗಬಹುದು. ಯಾವಾಗ ಕಾಲು ಹಾಕಬೇಕು, ಯಾವಾಗ ಬೇಡ ಅನ್ನುವುದನ್ನು ಹೊಸದಾಗಿ ಕಲಿಯಬೇಕು. ಇದರ ಅತಿ ಕಹಿ ಉದಾಹರಣೆ ಜೊನಾಥನ್ ವುಡ್‌ಗೇಟ್. 2004ರಲ್ಲಿ ಇಂಗ್ಲೆಂಡಿನಿಂದ ರಿಯಲ್ ಮ್ಯಾಡ್ರಿಡ್‌ಗೆ ಹೋದರು. ಗಾಯದಿಂದ ಮೊದಲ ಸೀಸನ್ ಪೂರ್ತಿ ಹೋಯಿತು. 2005ರ ಸೆಪ್ಟೆಂಬರ್‌ನಲ್ಲಿ ಕೊನೆಗೂ ಮೊದಲ ಪಂದ್ಯ. ಅದರಲ್ಲಿ ತಮ್ಮದೇ ಗೋಲಿಗೆ ಚೆಂಡು ಹೊಡೆದುಕೊಂಡರು, ಆಮೇಲೆ ಕೆಂಪು ಕಾರ್ಡ್ ಪಡೆದು ಹೊರಗೆ ನಡೆದರು.

ಸೀಸನ್ನಿನ ನಡುವೆ ಹೋಗುವುದು ಇನ್ನೂ ಕಷ್ಟ. 2006ರ ಜನವರಿಯಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಇಬ್ಬರು ಡಿಫೆಂಡರ್‌ಗಳನ್ನು ತಂದಿತು. ಸರ್ಬಿಯಾದ ನೆಮಾನ್ಯಾ ವಿಡಿಚ್, ಫ್ರಾನ್ಸ್‌ನ ಪ್ಯಾಟ್ರಿಸ್ ಎವ್ರಾ. ಎವ್ರಾ ಮೊದಲ ಮ್ಯಾಚ್ ಆಡಿದ್ದು ಮ್ಯಾಂಚೆಸ್ಟರ್ ಸಿಟಿ ವಿರುದ್ಧ. ಅರ್ಧ ಸಮಯಕ್ಕೇ ಹೊರಗೆ ಕೂರಿಸಿದರು, ತಂಡ 1-3 ಸೋತಿತು. ವಿಡಿಚ್ ಬಂದದ್ದು ಸ್ಪಾರ್ಟಕ್ ಮಾಸ್ಕೋದಿಂದ. ರಷ್ಯಾದ ಲೀಗ್ ಆಗ ವಸಂತದಲ್ಲಿ ಶುರುವಾಗಿ ಚಳಿಗಾಲಕ್ಕೆ ಮುಗಿಯುತ್ತಿತ್ತು. ಅಂದರೆ ಅವರು ರಜೆಯ ಮೈಯಲ್ಲಿ, ಓಟದ ಮಧ್ಯದಲ್ಲಿದ್ದ ತಂಡಕ್ಕೆ ಬಂದು ಸೇರಿದ್ದರು. ಆ ತಿಂಗಳು ಇಬ್ಬರನ್ನೂ ಹಣ ದಂಡ ಅಂದವರು ಕಡಿಮೆ ಇರಲಿಕ್ಕಿಲ್ಲ. ಮುಂದಿನ ಮೂರು ವರ್ಷ ಸತತವಾಗಿ ಯುನೈಟೆಡ್ ಲೀಗ್ ಗೆದ್ದಿತು. 2008-09ರಲ್ಲಿ ಸತತ 14 ಲೀಗ್ ಪಂದ್ಯಗಳಲ್ಲಿ ಒಂದೂ ಗೋಲು ಬಿಟ್ಟುಕೊಡಲಿಲ್ಲ. ವಿಡಿಚ್ ಪಕ್ಕದಲ್ಲಿ ರಿಯೊ ಫರ್ಡಿನಂಡ್ ಅನ್ನುವ ಜೋಡಿ ಸಿಕ್ಕಿತ್ತು.

ಹಾಗಾದರೆ ಇದ್ದಲ್ಲೇ ಇದ್ದುಬಿಡುವುದು ವಾಸಿಯಾ? ಕೆಲವರಿಗೆ ಹೌದು. ಪಾವ್ಲೊ ಮಾಲ್ದಿನಿ 1985ರ ಜನವರಿಯಲ್ಲಿ 16ನೇ ವಯಸ್ಸಿಗೆ ಮಿಲಾನ್ ಪರ ಆಡಿದರು. 2009ರಲ್ಲಿ ನಿವೃತ್ತರಾಗುವ ತನಕ ಬೇರೆ ಕ್ಲಬ್‌ನ ಅಂಗಿ ಹಾಕಲಿಲ್ಲ. 902 ಪಂದ್ಯ, ಐದು ಯುರೋಪಿಯನ್ ಕಪ್ (ಚಾಂಪಿಯನ್ಸ್ ಲೀಗ್‌ನ ಹಳೆಯ ಹೆಸರು). ಆದರೆ ಅವರ ವಿಷಯದಲ್ಲಿ ಒಂದು ಮಾತು. ಅವರು ಹೊರದೇಶಕ್ಕೆ ಹೋಗಲಿಲ್ಲ, ಹೊರದೇಶವೇ ಅವರ ಹತ್ತಿರ ಬಂದಿತ್ತು. ಆಗ ಜಗತ್ತಿನ ದೊಡ್ಡ ದಾಳಿಕಾರರಲ್ಲಿ ಹಲವರು ಇಟಲಿಯಲ್ಲೇ ಆಡುತ್ತಿದ್ದರು, ಮರಡೋನಾ ಸೇರಿದಂತೆ. ಮಹಿಳೆಯರ ಆಟದಲ್ಲಿ ಫ್ರಾನ್ಸ್‌ನ ವೆಂಡಿ ರೆನಾರ್ಡ್ ಕಥೆಯೂ ಹೀಗೇ. 2006ರಲ್ಲಿ ಲಿಯೊಂಗೆ ಸೇರಿದವರು ಅಲ್ಲೇ ಬೇರು ಬಿಟ್ಟರು. ಇಂಗ್ಲೆಂಡಿನ ಲೂಸಿ ಬ್ರಾನ್ಜ್ ಮಾತ್ರ ಊರೂರು ಸುತ್ತಿದರು. ಲಿಯೊಂ ಜೊತೆ ಮೂರು, ಬಾರ್ಸಿಲೋನಾ ಜೊತೆ ಎರಡು ಚಾಂಪಿಯನ್ಸ್ ಲೀಗ್ ಗೆದ್ದರು. ಎರಡು ದಾರಿಯೂ ಇದೆ.

ಹೊರಡುವವರಲ್ಲಿ ಚೆನ್ನಾಗಿ ಉಳಿದುಕೊಂಡವರು ಮೆಟ್ಟಿಲು ಮೆಟ್ಟಿಲಾಗಿ ಹತ್ತಿದವರು ಅಂತ ನನ್ನ ಅನಿಸಿಕೆ. ನೆದರ್ಲೆಂಡ್ಸ್‌ನ ವರ್ಜಿಲ್ ವ್ಯಾನ್ ಡೈಕ್ ಖ್ರೋನಿಂಗೆನ್ ಬಿಟ್ಟು ನೇರವಾಗಿ ದೊಡ್ಡ ಕ್ಲಬ್‌ಗೆ ಹಾರಲಿಲ್ಲ. 2013ರಲ್ಲಿ ಸ್ಕಾಟ್ಲೆಂಡಿನ ಸೆಲ್ಟಿಕ್, 2015ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್, 2018ರ ಜನವರಿಯಲ್ಲಿ 7.5 ಕೋಟಿ ಪೌಂಡ್‌ಗೆ ಲಿವರ್‌ಪೂಲ್. ಅಷ್ಟು ಹೊತ್ತಿಗೆ ಭಾಷೆ, ಆಟದ ವೇಗ ಎಲ್ಲಾ ಒಗ್ಗಿತ್ತು. ದಕ್ಷಿಣ ಕೊರಿಯಾದ ಕಿಮ್ ಮಿನ್-ಜೇ ನನ್ನ ವಾದಕ್ಕೆ ಅಡ್ಡ ಬರುವ ಹಾಗೆ ಕಾಣುತ್ತಾರೆ. 2022ರಲ್ಲಿ ನಾಪೋಲಿಗೆ ಹೋದ ಮೊದಲ ಸೀಸನ್ನಿನಲ್ಲೇ ತಂಡ ಇಟಲಿಯ ಲೀಗ್ ಗೆದ್ದಿತು, ಅವರು ಲೀಗ್‌ನ ಅತ್ಯುತ್ತಮ ಡಿಫೆಂಡರ್ ಅನ್ನಿಸಿಕೊಂಡರು. ಆದರೆ ಅದಕ್ಕೂ ಮೊದಲು ಬೀಜಿಂಗ್‌ನಲ್ಲಿ, ಇಸ್ತಾಂಬುಲ್‌ನಲ್ಲಿ ಆಡಿದ್ದರು. ಹೊಸ ಜಾಗಕ್ಕೆ ಹೊಂದಿಕೊಳ್ಳುವುದೂ ಒಂದು ವಿದ್ಯೆ, ಎರಡು ಸಲ ಕಲಿತಿದ್ದರು.

ದೇಶ ಬಿಟ್ಟು ಹೋಗಲು ಬೇಕಾದ ಕಾಗದ ಪತ್ರದ ವಿಷಯವನ್ನೂ ಚಿಕ್ಕದಾಗಿ ಹೇಳಿಬಿಡುತ್ತೇನೆ. 18 ತುಂಬದ ಆಟಗಾರ ಬೇರೆ ದೇಶದ ಕ್ಲಬ್‌ಗೆ ಹೋಗುವಂತಿಲ್ಲ ಎನ್ನುವುದು ಫಿಫಾ ನಿಯಮ, ಕೆಲವು ವಿನಾಯಿತಿ ಬಿಟ್ಟು. ಒಪ್ಪಂದ ಮುಗಿಯಲು ಆರು ತಿಂಗಳು ಉಳಿದಾಗ ಬೇರೆ ಕ್ಲಬ್ ಜೊತೆ ಮುಂಗಡ ಮಾತು ಮುಗಿಸಿಕೊಳ್ಳಬಹುದು. ಒಪ್ಪಂದ ಮುಗಿದ ಆಟಗಾರನಿಗೆ ಹಳೆಯ ಕ್ಲಬ್ ದುಡ್ಡು ಕೇಳುವಂತಿಲ್ಲ ಎಂದು ಯುರೋಪಿನಲ್ಲಿ 1995ರ ಬಾಸ್ಮನ್ ತೀರ್ಪು ಹೇಳಿತು. ಯುರೋಪ್ ಒಕ್ಕೂಟದೊಳಗಿನ ಆಟಗಾರರ ಮೇಲಿದ್ದ ವಿದೇಶಿ ಮಿತಿಯನ್ನೂ (ಒಂದು ತಂಡದಲ್ಲಿ ಇಷ್ಟೇ ವಿದೇಶಿಗಳು ಅನ್ನುವ ನಿಯಮ) ಅದೇ ತೀರ್ಪು ತೆಗೆಯಿತು. ಒಕ್ಕೂಟದ ಹೊರಗಿನವರಿಗೆ ಮಾತ್ರ ಹಲವು ದೇಶಗಳಲ್ಲಿ ಮಿತಿ ಉಳಿಯಿತು.

ಈ ಮಿತಿಯೇ ಥಿಯಾಗೊ ಸಿಲ್ವಾ ಜೀವನದಲ್ಲಿ ಒಂದು ವಿಚಿತ್ರ ಉಪಕಾರ ಮಾಡಿತು. ಅವರ ಮೊದಲ ವಿದೇಶ ಯಾತ್ರೆ ದೊಡ್ಡ ದುರಂತ. 2004ರಲ್ಲಿ ಬ್ರೆಜಿಲ್‌ನಿಂದ ಪೋರ್ಚುಗಲ್‌ನ ಪೋರ್ಟೊಗೆ ಹೋದರು, ಸಿಕ್ಕಿದ್ದು ಎರಡನೇ ತಂಡದಲ್ಲಿ ಜಾಗ. ಅಲ್ಲಿಂದ ಡೈನಮೊ ಮಾಸ್ಕೋ. ಅಲ್ಲಿ ಕ್ಷಯ ಅಂತ ಗೊತ್ತಾಗಿ ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದರು. ಆ ಕ್ಲಬ್‌ಗೆ ಒಂದು ಪಂದ್ಯವನ್ನೂ ಆಡದೆ 2006ರಲ್ಲಿ ಬ್ರೆಜಿಲ್‌ನ ಫ್ಲುಮಿನೆನ್ಸ್‌ಗೆ ಮರಳಿದರು. ಪರಿಚಯದ ಮಾತು, ಪರಿಚಯದ ಮೈದಾನ. ಮೂರು ವರ್ಷದಲ್ಲಿ ಮತ್ತೆ ನಿಂತುಕೊಂಡರು.

ಆಮೇಲೆ ಮಿಲಾನ್ ಕರೆಯಿತು. ಆದರೆ ಯುರೋಪ್ ಒಕ್ಕೂಟದ ಹೊರಗಿನವರಿಗೆ ಇದ್ದ ಜಾಗ ಆ ಸೀಸನ್ನಿಗೆ ಭರ್ತಿಯಾಗಿತ್ತು. ಹಾಗಾಗಿ 2009ರ ಮೊದಲ ಆರು ತಿಂಗಳು ಅವರು ತಂಡದ ಜೊತೆ ಅಭ್ಯಾಸ ಮಾಡಬಹುದಿತ್ತು, ಲೀಗ್ ಪಂದ್ಯ ಆಡುವಂತಿರಲಿಲ್ಲ. ಅಭ್ಯಾಸದಲ್ಲಿ ಜೊತೆಗಿದ್ದವರು ಯಾರು ಗೊತ್ತಾ? ನಿವೃತ್ತಿಗೆ ಮೊದಲಿನ ಕೊನೆಯ ತಿಂಗಳುಗಳಲ್ಲಿದ್ದ ಮಾಲ್ದಿನಿ! ಹೊಸ ಡಿಫೆಂಡರ್‌ಗಳೆಲ್ಲ ಜನರ ಮುಂದೆ, ಸ್ಕೋರ್‌ಬೋರ್ಡ್ ಕೆಳಗೆ ಕಲಿಯುವುದನ್ನು ಸಿಲ್ವಾ ಯಾರೂ ನೋಡದ ಮೈದಾನದಲ್ಲಿ ಕಲಿತರು. ಎಡವಿದ್ದರೂ ನಮಗೆ ಗೊತ್ತಾಗಲಿಲ್ಲ.

ಈ ಹೊಂದಾಣಿಕೆಯ ಜ್ಞಾನದಿಂದಲೇ ಡಿಫೆಂಡರ್‌ಗಳು ಜಾಸ್ತಿ ವರ್ಷ ಆಡುವುದೂ. ಓಟ ಕಡಿಮೆಯಾದಾಗ ಫುಲ್ ಬ್ಯಾಕ್ ಮಧ್ಯಕ್ಕೆ ಸರಿಯುತ್ತಾನೆ, ಓಡುವ ಬದಲು ಮೊದಲೇ ಹೋಗಿ ನಿಂತಿರುತ್ತಾನೆ. ಬ್ರೆಜಿಲ್‌ನಲ್ಲಿ ಹುಟ್ಟಿ ಪೋರ್ಚುಗಲ್ ಪರ ಆಡಿದ ಪೆಪೆ 2024ರ ಯುರೋ ಕಪ್‌ನಲ್ಲಿ 41ನೇ ವಯಸ್ಸಿಗೆ ಆಡಿದರು. ಸಿಲ್ವಾ 2024ರಲ್ಲಿ ಚೆಲ್ಸಿ ಬಿಟ್ಟು ಮತ್ತೆ ಫ್ಲುಮಿನೆನ್ಸ್ ಸೇರಿದಾಗ ಅವರಿಗೆ 40 ಹತ್ತಿರವಾಗಿತ್ತು. ಮುಂದಿನ ಸಲ ಹೊಸ ಡಿಫೆಂಡರ್ ಒಬ್ಬನನ್ನು ನೋಡುವಾಗ ಚೆಂಡನ್ನು ಸ್ವಲ್ಪ ಮರೆತುಬಿಡಿ. ಚೆಂಡು ಆ ತುದಿಯಲ್ಲಿದ್ದಾಗ ಅವನು ಪಕ್ಕದವನ ಕಡೆ ಎಷ್ಟು ಸಲ ತಿರುಗಿ ನೋಡುತ್ತಾನೆ ಅಂತ ಎಣಿಸಿ. ತಿಂಗಳು ಕಳೆದ ಹಾಗೆ ಆ ಎಣಿಕೆ ಇಳಿಯುತ್ತಾ ಬಂದರೆ, ಒಗ್ಗಿಕೊಳ್ಳುತ್ತಿದ್ದಾನೆ ಅಂತಲೇ.

ವೆಸ್ಟ್ ಬ್ರಾಮ್ ಪಂದ್ಯದ ಕಥೆ ಅರ್ಧಕ್ಕೆ ನಿಂತಿತ್ತು. ಎಂಟು ತಿಂಗಳ ನಂತರ, 2021ರ ಮೇ 29ರಂದು, ಚೆಲ್ಸಿ ಮ್ಯಾಂಚೆಸ್ಟರ್ ಸಿಟಿ ವಿರುದ್ಧ ಚಾಂಪಿಯನ್ಸ್ ಲೀಗ್ ಫೈನಲ್ ಆಡಿತು. ಜಾಗ ಪೋರ್ಟೊ. ಹದಿನೇಳು ವರ್ಷದ ಹಿಂದೆ ಸಿಲ್ವಾಗೆ ಮೊದಲ ತಂಡದಲ್ಲಿ ಜಾಗ ಕೊಡದಿದ್ದ ಕ್ಲಬ್‌ನ ಮೈದಾನವೇ! ಬಲಕ್ಕೆ ಸ್ಪೇನ್‌ನ ಆಸ್ಪಿಲಿಕ್ವೆಟಾ, ಎಡಕ್ಕೆ ಜರ್ಮನಿಯ ರೂಡಿಗರ್, ಹಿಂದೆ ಸೆನೆಗಲ್‌ನ ಗೋಲ್‌ಕೀಪರ್ ಮೆಂಡಿ, ನಡುವೆ ಸಿಲ್ವಾ. ಮೊದಲ ಅರ್ಧ ಮುಗಿಯುವ ಮೊದಲೇ ಗಾಯವಾಗಿ ಅವರು ಹೊರಗೆ ನಡೆದರು. ಆ ಜಾಗಕ್ಕೆ ಡೆನ್ಮಾರ್ಕ್‌ನ ಕ್ರಿಸ್ಟೆನ್ಸನ್ ಬಂದರು. ಉಳಿದದ್ದನ್ನು ಸಿಲ್ವಾ ಹೊರಗಿನಿಂದ ನೋಡಿದರು. ಮ್ಯಾಂಚೆಸ್ಟರ್ ಸಿಟಿಗೆ ಒಂದೂ ಗೋಲು ಸಿಗಲಿಲ್ಲ.