ಅಥಣಿಯಲ್ಲಿ ಹೊಲಿದ ಕೊಲ್ಹಾಪುರಿ ನಕಲಿಯೇ?

ಪ್ರಶ್ನೆ: ಮಗನ ಮದುವೆಯ ಬಸ್ತಾಕ್ಕೆಂದು ಹೋದಾಗ ಕೊಲ್ಹಾಪುರದಲ್ಲೇ ಚಪ್ಪಲಿ ಕೊಂಡೆವು. ಅದು ಅಥಣಿ ಕಡೆ ತಯಾರಾದದ್ದೆಂದು ಆಮೇಲೆ ತಿಳಿಯಿತು. ನಾವು ಮೋಸ ಹೋದೆವೇ?

ಇಲ್ಲ. ಜತ್ತ, ಅಕ್ಕಲಕೋಟ, ಸೊಲ್ಲಾಪುರಗಳ ಓದುಗರು ಪ್ರತಿ ಮದುವೆ ಹಂಗಾಮಿನಲ್ಲೂ ಇದನ್ನೇ ಕೇಳುತ್ತಾರೆ. ಎಷ್ಟು ಸಲ ಉತ್ತರಿಸಿದರೂ, ‘ಕೊಲ್ಹಾಪುರದಲ್ಲಿ ಹೊಲಿದದ್ದಷ್ಟೇ ಅಸಲಿ, ಕನ್ನಡದ ಊರುಗಳದು ಅದರ ನಕಲು’ ಎಂಬ ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ. ಆದ್ದರಿಂದ ಈ ಬಾರಿ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ಮೊದಲು ಕಾನೂನಿನ ಮಾತು. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ದೊರೆತ ಭೌಗೋಳಿಕ ಸೂಚಕ ಮಾನ್ಯತೆ, ಅಂದರೆ ಗೊತ್ತಾದ ಪ್ರದೇಶದಲ್ಲಿ ತಯಾರಾದದ್ದಕ್ಕಷ್ಟೇ ಆ ಹೆಸರು ಸಲ್ಲುತ್ತದೆಂಬ ಕಾನೂನಿನ ಮುದ್ರೆ, ಎಂಟು ಜಿಲ್ಲೆಗಳಿಗೆ ಸೇರಿದ್ದು: ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗಲಿ, ಸಾತಾರಾ, ಸೊಲ್ಲಾಪುರ, ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ. ಹಕ್ಕುದಾರರೂ ಇಬ್ಬರು, ಮಹಾರಾಷ್ಟ್ರದ ಲಿಡ್ಕಾಮ್ ಮತ್ತು ಕರ್ನಾಟಕದ ಲಿಡ್ಕರ್ ಎಂಬ ಸರಕಾರಿ ಚರ್ಮೋದ್ಯಮ ನಿಗಮಗಳು. ಬೆಳಗಾವಿ ಜಿಲ್ಲೆಯ ಅಥಣಿ, ನಿಪ್ಪಾಣಿ, ಮದಭಾವಿಗಳ ಚಪ್ಪಲಿಗೆ ಈ ಹೆಸರನ್ನು ಯಾರೂ ಔದಾರ್ಯದಿಂದ ಕೊಟ್ಟದ್ದಲ್ಲ, ಅದು ಅವುಗಳ ಹಕ್ಕು.

ಹೆಸರು ಪೇಟೆಯದು, ಕಸುಬು ಊರೂರಿನದು. ನಾವು ಇಂದು ಕಾಣುವ ರಾಜ್ಯದ ಗಡಿ 1956ರದು. ಅದಕ್ಕೆ ಮುಂಚೆ ಬೆಳಗಾವಿ, ವಿಜಾಪುರ, ಧಾರವಾಡಗಳು ಮುಂಬಯಿ ರಾಜ್ಯದಲ್ಲೇ ಇದ್ದವು. ಶಾಹೂ ಮಹಾರಾಜರ ಆಶ್ರಯದಿಂದ ಕೊಲ್ಹಾಪುರದ ಚರ್ಮದ ಕೆಲಸಕ್ಕೆ ಬಲ ಬಂದದ್ದು ನಿಜ. ಆದರೆ ಶರಣ ಹರಳಯ್ಯನನ್ನು ಕುಲಗುರುವೆಂದು ನೆನೆಯುವ ನಮ್ಮ ಸಮಗಾರ ಮನೆತನಗಳು ಯಾರದೋ ಚಪ್ಪಲಿಯನ್ನು ನೋಡಿ ಉಳಿ ಹಿಡಿದವರಲ್ಲ.

ಅಸಲಿತನವನ್ನು ಊರಿನಲ್ಲಿ ಹುಡುಕದೆ ತೊಗಲಿನಲ್ಲಿ ಹುಡುಕಬೇಕು. ಎಮ್ಮೆಯ ತೊಗಲನ್ನು ಸುಣ್ಣದಲ್ಲಿ ನೆನೆಸಿ ಕೂದಲು ತೆಗೆದು, ಚೀಲದಂತೆ ಹೊಲಿದು, ಜಾಲಿಯ ತೊಗಟೆ ಮತ್ತು ಅಳಲೆಕಾಯಿಯ ನೀರನ್ನು ಅದರೊಳಗೆ ತುಂಬಿ ತೂಗುಹಾಕಿ, ಆ ರಸ ತೊಗಲಿನ ಆಳಕ್ಕೆ ಇಳಿಯುವಂತೆ ಹದ ಮಾಡುವುದು ಈ ಕಸುಬಿನ ಹಳೆಯ ಕ್ರಮ. ಅಟ್ಟೆಯ ಪದರುಗಳನ್ನು ಮೊಳೆಯಿಂದ ಬಡಿಯುವುದಿಲ್ಲ, ತೊಗಲಿನ ದಾರದಿಂದಲೇ ಹೊಲಿಯುತ್ತಾರೆ. ಮೇಲಿನ ಸಣ್ಣ ಹೆಣಿಗೆಯನ್ನು ಹೆಚ್ಚಾಗಿ ಮನೆಯ ಹೆಣ್ಣುಮಕ್ಕಳೇ ಹೆಣೆಯುತ್ತಾರೆ, ಮತ್ತು ಚಪ್ಪಲಿಯ ಅಂದವೆಲ್ಲ ಇರುವುದು ಅಲ್ಲಿಯೇ. ನಿಮ್ಮ ಜೋಡಿಯನ್ನು ತಿರುಗಿಸಿ ನೋಡಿರಿ: ಅಂಚಿನಲ್ಲಿ ತೊಗಲಿನ ಹೊಲಿಗೆ ಕಾಣಬೇಕು, ಮೊಳೆಯಾಗಲಿ ರಬ್ಬರಿನ ಅಟ್ಟೆಯಾಗಲಿ ಇರಬಾರದು. ಕೊಲ್ಹಾಪುರದ ನಡುಪೇಟೆಯಲ್ಲಿ ಕೊಂಡ ರೆಗ್ಜಿನ್ ಚಪ್ಪಲಿ ನಕಲಿ, ಮದಭಾವಿಯ ಮನೆಯೊಂದರ ಪಡಸಾಲೆಯಲ್ಲಿ ಕೈಯಿಂದ ಹೊಲಿದದ್ದು ಅಸಲಿ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್‌ನಲ್ಲಿ ಇದೇ ಮಾದರಿಯನ್ನು ಮೂಲದ ಹೆಸರೆತ್ತದೆ ಪ್ರದರ್ಶಿಸಿದಾಗ, ನಮ್ಮ ಕುಶಲಕರ್ಮಿಗಳ ಹೆಸರು ಅಳಿಸಿಹೋಯಿತೆಂದು ಎಲ್ಲರೂ ನೊಂದುಕೊಂಡೆವು. ಅಥಣಿಯವರನ್ನು ನಕಲಿಗಾರರೆಂದು ಕರೆದಾಗ ನಾವು ಮಾಡುವುದೂ ಅದನ್ನೇ.

ನೀವು ಕೇಳಲಿಲ್ಲ, ಆದರೂ ಮದುಮಗನ ಕಾಲಿಗೆ ಬೇಕಾದ ಮಾತೊಂದಿದೆ. ಹೊಸ ಚಪ್ಪಲಿಯನ್ನು ಅಕ್ಷತೆಯ ದಿನವೇ ಮೊದಲ ಸಲ ಮೆಟ್ಟಿದರೆ ಅದು ಖಂಡಿತ ಕಚ್ಚುತ್ತದೆ. ಎಂಟು ದಿನ ಮೊದಲೇ ಪಟ್ಟಿಗಳ ಒಳಬದಿಗೆ ಕೊಬ್ಬರಿ ಎಣ್ಣೆ ಸವರಿ, ದಿನಕ್ಕೆ ಅರ್ಧ ಗಂಟೆ ಮನೆಯೊಳಗೆ ಮೆಟ್ಟಿ ನಡೆದರೆ ತೊಗಲು ಕಾಲಿನ ಆಕಾರಕ್ಕೆ ಬಾಗುತ್ತದೆ. ಗಿಡದ ರಸದಿಂದ ಹದವಾದ ತೊಗಲು ನೀರನ್ನು ಹೀರಿ ಉಬ್ಬುವುದರಿಂದ ಮಿರಗದ ಮಳೆ ಹಿಡಿಯುವ ಮೊದಲೇ ಅದನ್ನು ಎತ್ತಿಡಿರಿ. ಅಕಸ್ಮಾತ್ ತೊಯ್ದರೆ ಬಿಸಿಲಿಗೆ ಹಾಕದೆ ನೆರಳಿನಲ್ಲಿ ಆರಿಸಿ, ಆರಿದ ಮೇಲೆ ಮತ್ತೊಮ್ಮೆ ಎಣ್ಣೆ ಸವರಿರಿ.